ಹತ್ತು ವರ್ಷ ಬಾಳುವ ಹೆಡ್‌ಫೋನು

ಹೋದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಮೇಲಿನ ಮನೆಯ ಮರಾಠಿ ಚಿಕ್ಕಮ್ಮ, ಕಾಕೂ, ನಮ್ಮ ಬಾಗಿಲು ತಟ್ಟಿ ಥ್ಯಾಂಕ್ಸ್ ಹೇಳಿದರು. ಯಾಕೆ ಅಂತ ಕೇಳಿದೆ. ಅವರ ಟೀವಿಯ ಸ್ಪೀಕರ್ ಕೆಟ್ಟು ಎಂಟು ದಿನವಾಗಿತ್ತಂತೆ. "ರಿಪೇರಿಚೀ ಗರಜಚ ಪಡಲೀ ನಾಹೀ," ಎಂದರು. ರಿಪೇರಿಯ ಅಗತ್ಯವೇ ಬೀಳಲಿಲ್ಲವಂತೆ. ಚಿತ್ರ ಅವರ ಟೀವಿಯಲ್ಲಿ ನೋಡುತ್ತಾರೆ, ಧ್ವನಿ ನಮ್ಮ ಮನೆಯಿಂದ ಹೋಗುತ್ತದೆ.

(ಪುಣೆಯಲ್ಲಿ ಜಗಳ ಹೀಗೇ ಶುರುವಾಗುತ್ತದೆ. ಮೊದಲು ಥ್ಯಾಂಕ್ಸ್.)

ತಪ್ಪು ನಮ್ಮದೇ. ನಮ್ಮ ಮಾವನವರು ಭೋಸರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಗಡು ಕತ್ತರಿಸುವ ಪ್ರೆಸ್ ಮಷಿನ್ನಿನ ಮುಂದೆ ನಿಂತವರು. ಕೈ ಬೆರಳು ಹತ್ತೂ ಉಳಿದವು, ಕಿವಿ ಮಾತ್ರ ಹೋದವು. ಕಿವಿಗೆ ಮಷಿನ್ ಹಾಕಿಸೋಣ ಅಂದರೆ, "ನಾ ಏನ್ ಮುದುಕ ಆಗೇನೇನು?" ಅನ್ನುತ್ತಾರೆ. ವಯಸ್ಸು ಎಪ್ಪತ್ತೆರಡು. ಹಾಗಾಗಿ ಟೀವಿ ವಾಲ್ಯೂಮಿನ ಗೆರೆಗಳೆಲ್ಲ ತುಂಬಿ, ಇನ್ನು ಜಾಗವಿಲ್ಲ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತವೆ.

ಬಿಬವೇವಾಡಿಯ ನಮ್ಮ ಮನೆ ಎಷ್ಟು ದೊಡ್ಡದು? ಎರಡು ಕೋಣೆ. ಒಂದರಲ್ಲಿ ಮಾವನವರು ಮತ್ತು ಟೀವಿ. ಇನ್ನೊಂದರಲ್ಲಿ ನಾನು, ಗ್ಯಾಸ್ ಒಲೆ, ಮತ್ತು ಮಾರ್ಚಿನಲ್ಲಿ ಹತ್ತನೇ ಬೋರ್ಡ್ ಪರೀಕ್ಷೆ ಬರೆಯಬೇಕಾದ ನನ್ನ ಮಗಳು ಮುಕ್ತಾ. ಅವಳು ಭೂಗೋಳ ಓದುವಾಗ ಸೀರಿಯಲ್ಲಿನ ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಿರುತ್ತಾಳೆ. ಪ್ರಿಲಿಮ್ ಪರೀಕ್ಷೆಯಲ್ಲಿ ಹುಡುಗಿಯ ಮಾರ್ಕು ಇಳಿದವು. ಮಾವನವರಿಗೆ ಹೇಳೋಣವೆಂದರೆ, ಆ ಮನುಷ್ಯನಿಗೆ ಬೇರೆ ಏನಿದೆ? ಮನೆಯಲ್ಲಿ ನಾವು ಆಡುವ ಮಾತು ಅರ್ಧ ಕೇಳುವುದಿಲ್ಲ. ಟೀವಿಯೊಂದೇ ಅವರಿಗೆ ಕೇಳುವಷ್ಟು ಜೋರಾಗಿ ಮಾತಾಡುವುದು.

ನನ್ನ ಗಂಡನೇ ಉಪಾಯ ಹೇಳಿದ್ದು. ಟೀವಿಯ ಮುಂದೆ ಒಂದು ಸಣ್ಣ ತೂತಿದೆಯಲ್ಲ, ಅದಕ್ಕೆ ಹೆಡ್‌ಫೋನ್ ಚುಚ್ಚಿದರೆ ಆಯಿತು. ಉದ್ದ ವಯರಿನದು ತಂದರೆ ಸಾಕು. ತಂದೆವು.

ಆಮೇಲೆ ಶುರುವಾಯಿತು ನೋಡಿ ನನ್ನ ಪೀಡೆ.

ಮೊದಲನೆಯದರ ಎಡಗಿವಿ ಹನ್ನೊಂದನೇ ದಿನಕ್ಕೆ ಸತ್ತಿತು. ಎರಡನೆಯದು ತಲೆಯ ಮೇಲಿನ ಪಟ್ಟಿಯಲ್ಲೇ ಪಟ್ ಎಂದು ಮುರಿಯಿತು. ಮಾವನವರ ತಲೆ ದೊಡ್ಡದು ನಿಜ, ಆದರೆ ಅಷ್ಟೇನೂ ಅಲ್ಲ. ಮೂರನೆಯದನ್ನು ಹಾಕಿಕೊಂಡೇ ಹಾಲಿನವನಿಗೆ ಬಾಗಿಲು ತೆಗೆಯಲು ಎದ್ದರು. ವಯರ್ ಕಿತ್ತು ಬಂತು, ಟೀವಿ ಬರಲಿಲ್ಲ ಎನ್ನುವುದು ದೇವರ ದಯೆ. ನಾಲ್ಕನೆಯದಕ್ಕೆ ಏನಾಯಿತೋ ಅದಕ್ಕೇ ಗೊತ್ತು. ಪಿನ್ನಿನ ಕೆಳಗೆ ಬೆಂಕಿಕಡ್ಡಿ ಒತ್ತಿ ಇಟ್ಟರೆ ಮಾತ್ರ ಮಾತಾಡುತ್ತಿತ್ತು. ಯಾರಾದರೂ ನಡೆದಾಡಿದರೆ ನಿಂತುಹೋಗುತ್ತಿತ್ತು. "ಯಾರೂ ಅಲ್ಲಾಡಬ್ಯಾಡ್ರಿ," ಅಂತ ಅಪ್ಪಣೆ. ನಾವು ನಮ್ಮದೇ ಮನೆಯಲ್ಲಿ ಬೆಕ್ಕಿನ ಹೆಜ್ಜೆ ಇಟ್ಟೆವು.

ನಾನು ಕೇಳುತ್ತೇನೆ, ಇಂಥ ಸಾಮಾನು ಮಾಡುವವರ ಮನೆಯಲ್ಲಿ ಯಾರಿಗೂ ಕಿವಿ ಇಲ್ಲವೇ? ನಮ್ಮ ತವರಿನ ರೇಡಿಯೋ ಮೂರು ಸಲ ಅಟ್ಟದಿಂದ ಬಿದ್ದರೂ ಹಾಡುತ್ತಿತ್ತು. ಈಗಿನದು ನೋಡಿದರೆ ಸಾಕು, ಬಿರುಕು ಬಿಡುತ್ತದೆ. ಅಂಗಡಿಯವನಿಗೆ ತೋರಿಸಿದರೆ, "ಇದಕ್ಕೆ ಗ್ಯಾರಂಟಿ ಇಲ್ಲ ತಾಯಿ, ಹೊಸದು ಒಯ್ಯಿರಿ" ಅನ್ನುತ್ತಾನೆ. ಹೊಸದಕ್ಕೂ ಅದೇ ಗ್ಯಾರಂಟಿ.

ಐದನೆಯದೂ ಸತ್ತ ದಿನ ಮಾವನವರು ಐದೂ ಹೆಣಗಳನ್ನು ಪೇಪರಿನ ಮೇಲೆ ಸಾಲಾಗಿ ಹಾಸಿಕೊಂಡು ಕೂತರು. ಸ್ಕ್ರೂಡ್ರೈವರ್ ಹಿಡಿದು ಅರ್ಧ ಗಂಟೆ ನೋಡಿ ನನ್ನನ್ನು ಕರೆದರು. "ಇಲ್ಲಿ ನೋಡವಾ. ವಯರ್ ನಡುವ ಎಲ್ಲೂ ಹರಿದಿಲ್ಲ. ಪಿನ್ನಿಗೆ ಕೂಡೂ ಜಾಗಾ ಅದಲ್ಲ, ಅಲ್ಲೇ ಹೋಗ್ಯದ. ಮತ್ತ ಎಲ್ಲಾ ಅಂಟ ಹಚ್ಚಿ ಕೂಡಿಸ್ಯಾರ. ಸ್ಕ್ರೂ ಇದ್ರ ಬಿಚ್ಚಾಕ ಬರ್ತದ. ಬಿಚ್ಚಾಕ ಬಂದ್ರ ರಿಪೇರಿ ಆಗ್ತದ. ಅಂಟಿಂದು ಒಮ್ಮೆ ಸತ್ರ ಸತ್ತಂಗ."

ಇಷ್ಟು ತಿಳಿದವರು ಮೊದಲೇ ಯಾಕೆ ಹೇಳಲಿಲ್ಲ? "ನೀವು ಕೇಳಲಿಲ್ಲ," ಅಂದರು.

ಮರುದಿನ ಅವರನ್ನೇ ಕರೆದುಕೊಂಡು ಬುಧವಾರ ಪೇಠೆಯ ದೊಡ್ಡ ಅಂಗಡಿಗೆ ಹೋದೆ. ಕೌಂಟರಿನವನು ಒಂದೊಂದೇ ಡಬ್ಬಿ ತೆಗೆದು ಸಂಗೀತ ಹೇಗೆ ಕೇಳುತ್ತದೆ ಅಂತ ವರ್ಣಿಸುತ್ತಿದ್ದ. ಮಾವನವರು ಒಂದನ್ನೂ ಕಿವಿಗೆ ಇಟ್ಟುಕೊಳ್ಳಲಿಲ್ಲ. ಪಟ್ಟಿ ಬಗ್ಗಿಸಿದರು, ಪಿನ್ನಿನ ಬುಡ ಜಗ್ಗಿದರು, ಕಿವಿಯ ಮೆತ್ತೆ ಕಿತ್ತು ಮತ್ತೆ ಕೂಡಿಸಿದರು. ಕೊನೆಗೆ, "ಹಾ ಉಘಡತೋ ಕಾ?" ಅಂದರು. ಇದು ಬಿಚ್ಚಲು ಬರುತ್ತದೆಯೇ ಅಂತ.

"ಕಾಕಾ, ಹೆಡಫೋನ ಐಕಾಯಲಾ ಅಸತೋ, ಉಘಡಾಯಲಾ ನಾಹೀ," ಅಂದ ಅವನು. ಕೇಳುವ ವಸ್ತುವನ್ನು ಬಿಚ್ಚುವುದು ಯಾಕೆ ಅಂತ ಅವನ ಸಂಕಟ.

ನಾನು ನೆಲ ನೋಡುತ್ತಾ ನಿಂತೆ. ಆದರೆ ಒಂಬತ್ತನೇ ಡಬ್ಬಿಯಲ್ಲಿ ಸಿಕ್ಕಿತು. ಕಪ್ಪಗೆ, ದಪ್ಪಗೆ, ಒಳಗೆ ಉಕ್ಕಿನ ಪಟ್ಟಿ, ಪಿನ್ನಿನ ಬುಡಕ್ಕೆ ಸ್ಪ್ರಿಂಗು, ನಾಲ್ಕು ಕಡೆ ಸ್ಕ್ರೂ. ಮೆತ್ತೆ ಸವೆದರೆ ಬೇರೆ ಸಿಗುತ್ತದಂತೆ. ಅಂಗಡಿಯವನು ಗ್ಯಾರಂಟಿ ಕಾರ್ಡಿಗೆ ಸಿಕ್ಕಾ ಹೊಡೆಯುತ್ತಾ, "ದಹಾ ವರ್ಷ ಕಾಹೀ ಹೋಣಾರ ನಾಹೀ," ಅಂದ. ಹತ್ತು ವರ್ಷ ಏನೂ ಆಗುವುದಿಲ್ಲ. ನಾನು ಗೆದ್ದೆ ಅಂದುಕೊಂಡೆ. ಮಾವನವರು ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಸೀರಿಯಲ್ಲಿನ ಅತ್ತೆ ಮತ್ತೆ ಮನೆಯೆಲ್ಲ ಕೇಳುವಂತೆ ಕಿರುಚಿದಳು. ಪರೀಕ್ಷೆಗೆ ಉಳಿದದ್ದು ಹದಿನೆಂಟು ದಿನ.

"ಮಾವಾರ, ಹೊಸಾ ಹೆಡ್‌ಫೋನ್ ಎಲ್ಲದರಿ?" ಕೂಗಿ ಕೇಳಿದೆ.

"ಅದ, ಅದ."

"ಎಲ್ಲಿ?"

"ಜೋಪಾನ ಅದ."

ಕಪಾಟಿನಲ್ಲಿತ್ತು. ಬೆಳ್ಳಿ ಆರತಿ ತಟ್ಟೆಯ ಪಕ್ಕ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಡಬ್ಬಿ ಸಮೇತ. ಗ್ಯಾರಂಟಿ ಕಾರ್ಡಿನಲ್ಲಿ ಅವರ ಅಕ್ಷರದಲ್ಲಿ ಹೆಸರು ತುಂಬಿತ್ತು. ಮುಕ್ತಾ.

"ಹತ್ತ ವರ್ಷ ಬಾಳ್ತದಂತ ಅಂವಾ ಹೇಳಿದ್ದು ನೀನೂ ಕೇಳಿದಿ. ನಾ ಅಷ್ಟ ದಿನಾ ಇರಾಂವೇನು? ನಾ ಹಾಕ್ಕೊಂಡು ಹಳೇದು ಮಾಡೂದು, ಪೋರಿ ಆಮ್ಯಾಲ ಹಳೇದು ಹಾಕ್ಕೋಬೇಕೇನು? ಅಕಿಗೆ ಹೊಸಾದ ಇರ್ಲಿ."

ಮನೆಯವರ ಮಾತು ಅರ್ಧ ಕೇಳದ ಮನುಷ್ಯನಿಗೆ ಅಂಗಡಿಯವನ ಅದೊಂದು ಮಾತು ಪೂರ್ತಿ ಕೇಳಿಸಿತ್ತು. ನನಗೆ ಸಿಟ್ಟು ಬಂತು, ಅಳುವೂ ಬಂತು. ಬೈಯೋಣವೆಂದರೆ ಯಾವ ಬಾಯಿಂದ ಬೈಯಲಿ? ನನ್ನ ಮದುವೆಯ ಡಿನ್ನರ್ ಸೆಟ್ಟು ಶೋಕೇಸಿನಲ್ಲಿ ಹದಿನೇಳು ವರ್ಷದಿಂದ ದೊಡ್ಡ ಅತಿಥಿಗಾಗಿ ಕಾದಿದೆ. ನಾವು ಒಡೆದ ಕಪ್ಪಿನಲ್ಲಿ ಚಹಾ ಕುಡಿಯುವ ಜನ. ಹಾಳಾಗುವ ಸಾಮಾನು ಬಳಸಿ ಬಳಸಿ ಬೈಯುತ್ತೇವೆ, ಚೆನ್ನಾಗಿರುವುದನ್ನು ಮುಟ್ಟದೆ ಇಡುತ್ತೇವೆ. ಮತ್ತೆ ಕಂಪನಿಯವರನ್ನು ಏನನ್ನಬೇಕು?

ಈ ಗಂಟು ಬಿಡಿಸಿದ್ದು ಮುಕ್ತಾ. ಡಬ್ಬಿ ತೆಗೆದು, ಹೆಡ್‌ಫೋನ್ ತಲೆಗೆ ಸಿಕ್ಕಿಸಿಕೊಂಡು, ಮುಖ ಕಿವುಚಿದಳು. "ಅಜ್ಜಾ, ಭಾಳ ಬಿಗಿ ಅದ. ಕಿವಿ ನೋಯ್ತಾವ. ನೀ ಒಂದಿಷ್ಟ ದಿನಾ ಹಾಕ್ಕೊಂಡು ಸಡಲ ಮಾಡಿ ಕೊಡು."

ಅವಳ ಶಾಲೆಯ ಹೊಸ ಬೂಟು ಕಚ್ಚದಂತೆ ಪ್ರತಿ ಜೂನಿನಲ್ಲಿ ಎಣ್ಣೆ ಹಚ್ಚಿ ಮೆತ್ತಗೆ ಮಾಡಿ ಕೊಟ್ಟವರು ಅಜ್ಜನೇ. ಇದು ಅವರಿಗೆ ತಿಳಿಯುವ ಕೆಲಸ. ಅಂದೇ ಹಾಕಿಕೊಂಡರು. ಮನೆ ತಣ್ಣಗಾಯಿತು. (ನನಗೇನು ಸುಖ? ಈಗ ಕುಕ್ಕರ್ ಸೀಟಿ, ಡೋರ್‌ಬೆಲ್, ನನ್ನ ಕೂಗು ಯಾವುದೂ ಅವರಿಗಿಲ್ಲ. ಹಾಲಿನವನು ಎರಡು ಸಲ ವಾಪಸು ಹೋದ.) ಕಾಕೂ ಮಾತ್ರ ಮತ್ತೆ ಬಂದು, ಕೊನೆಗೂ ಸ್ಪೀಕರ್ ರಿಪೇರಿ ಮಾಡಿಸಬೇಕಾಯಿತು ಅಂತ ಬೇಸರ ಮಾಡಿಕೊಂಡರು.

ಮೊನ್ನೆ ಮುಕ್ತಾಳ ಕೊನೆಯ ಪೇಪರ್ ಮುಗಿಯಿತು. ಚೆನ್ನಾಗಿ ಬರೆದಿದ್ದಾಳಂತೆ. ಸಂಜೆ ಅಜ್ಜನ ಎದುರು ಬಂದು ಕೈ ಚಾಚಿದಳು. "ಅಜ್ಜಾ, ನನ್ನ ಪರೀಕ್ಷಾ ಮುಗೀತು. ಸಡಲ ಆತೇನು?" ಎರಡು ಸಲ ಕೇಳಿದ ಮೇಲೆ ಅವರು ಹೆಡ್‌ಫೋನ್ ತೆಗೆದು, ಪಟ್ಟಿಯನ್ನು ಎರಡೂ ಕೈಯಲ್ಲಿ ಜಗ್ಗಿ, ಬೆಳಕಿಗೆ ಹಿಡಿದು ಗಂಭೀರವಾಗಿ ಪರೀಕ್ಷಿಸಿದರು.

"ಇನ್ನೂ ಭಾಳ ಬಿಗಿ ಅದವಾ," ಅಂದರು. "ಹತ್ತ ವರ್ಷರೆ ಬೇಕು." ಮತ್ತೆ ಕಿವಿಗೆ ಏರಿಸಿಕೊಂಡರು.

ಇಂಥ ಗ್ಯಾರಂಟಿಯನ್ನು ಯಾವ ಅಂಗಡಿಯವನು ಬರೆದುಕೊಟ್ಟಾನು?