ಚರಂಡಿಯ ಹಸ್ತಾಂತರ ಮತ್ತು ಬಸ್ಸಾರು

ನಮ್ಮ ಮನೆಯಲ್ಲಿ ಸೊಪ್ಪಿನ ಬಸ್ಸಾರು ಮಾಡಿದ ದಿನ ನನಗೊಬ್ಬನಿಗೆ ಮಾತ್ರ ಬೇರೆ ತಿಳಿಸಾರು ಆಗುತ್ತದೆ. ಸೊಸೆ ಹಿತ್ತಿಲ ನಲ್ಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ದಂಟಿನ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತಾ, ‘ತಾತಂಗೆ ಸೊಪ್ಪು ಆಗಲ್ಲ’ ಎಂದು ಮೊಮ್ಮಕ್ಕಳಿಗೆ ತಿಳಿಹೇಳುವುದು ನನ್ನ ಕಿವಿಗೆ ಬೀಳುತ್ತದೆ. ಹೊಟ್ಟೆಗೆ ಒಗ್ಗುವುದಿಲ್ಲ ಎಂದು ನಾನು ಯೌವನದಲ್ಲಿ ಆಡಿದ ಒಂದು ಮಾತು ಈಗ ಮನೆಯ ಶಾಸನವಾಗಿ, ಅದನ್ನು ಮುರಿಯುವ ಅಧಿಕಾರ ನನಗೂ ಇಲ್ಲವಾಗಿದೆ. ಆ ಮಾತು ಸುಳ್ಳು. ನಿಜವನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ನೌಕರಿಯಲ್ಲಿದ್ದಾಗ ನಿವೃತ್ತಿಯಾಗಲಿ ಎಂದುಕೊಂಡೆ; ನಿವೃತ್ತಿಯಾದ ಮೇಲೆ ಅವ್ವ ಇರುವತನಕ ಬೇಡವೆಂದುಕೊಂಡೆ; ಅವ್ವ ಹೋದ ಮೇಲೆ, ಆ ದಿನ ನಕ್ಕವರೆಲ್ಲ ಒಬ್ಬೊಬ್ಬರಾಗಿ ಹೊರಡಲಿ ಎಂದು ಕಾದೆ. ಅವರೂ ಹೊರಟರು. ಈಗ ನಾಚಿಕೊಳ್ಳುವುದಕ್ಕೆ ನನ್ನೆದುರು ನಾನೊಬ್ಬನೇ ಉಳಿದಿದ್ದೇನೆ. ನೀವೂ ಇದ್ದೀರಿ ನಿಜ, ಆದರೆ ನಿಮ್ಮ ಮುಖ ನನಗೆ ಕಾಣುವುದಿಲ್ಲವಲ್ಲ, ಅದೇ ಧೈರ್ಯ.

ಹೊಳೆನರಸೀಪುರದಲ್ಲಿ ಹೈಸ್ಕೂಲು ಮುಗಿಸಿದವನು ನಾನು. ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿ ಮೂರನೆಯ ಸಲ ಎದ್ದು ನಿಂತೆ. ಆಮೇಲೆ ಹಾಸನದ ಅಂಚಿಗೆ ಅಂಟಿಕೊಂಡಿದ್ದ ಒಂದು ಪುಟ್ಟ ಪಂಚಾಯಿತಿಯಲ್ಲಿ ಗುಮಾಸ್ತನಾದೆ. ಆ ಊರಿನ ಹೆಸರು ಹೇಳುವುದಿಲ್ಲ. ಅದು ಪಟ್ಟಣದ ಹೊಟ್ಟೆಯಲ್ಲಿ ಜೀರ್ಣವಾಗಿ ಎಷ್ಟೋ ಕಾಲವಾಯಿತು. ನಮ್ಮ ಪಂಚಾಯಿತಿಗೆ ಕೆರೆ ಇರಲಿಲ್ಲ, ಸಂತೆ ಇರಲಿಲ್ಲ, ಹೇಳಿಕೊಳ್ಳುವಂಥ ಒಂದು ಕಲ್ಲಿನ ಗುಡಿಯೂ ಇರಲಿಲ್ಲ. ಇದ್ದದ್ದು ಒಂದು ಚರಂಡಿ. ಅದು ಪಟ್ಟಣದ ಹೋಟೆಲುಗಳ ಹಿಂಭಾಗದಲ್ಲಿ ಉದ್ಭವಿಸಿ, ಮಾರ್ಕೆಟ್ಟಿನ ಬಗಲಲ್ಲಿ ಪುಷ್ಟಿಗೊಂಡು, ನಮ್ಮ ಊರಿನ ನಡುಬೀದಿಯನ್ನು ಹಾದು, ಆಚೆಯ ತಗ್ಗಿನಲ್ಲಿ ಲೀನವಾಗುತ್ತಿತ್ತು. ಇಷ್ಟು ದೂರ ಹರಿದರೂ ಅದು ಯಾರದೂ ಆಗಿರಲಿಲ್ಲ. ನೀರು ನಿಮ್ಮದು, ಆದ್ದರಿಂದ ನೀವೇ ಬಾಚಿ ಎಂದು ನಾವು ಪಟ್ಟಣದವರಿಗೆ ಹೇಳುವುದು. ನೆಲ ನಿಮ್ಮದು, ಆದ್ದರಿಂದ ನೀವೇ ಬಾಚಿ ಎಂದು ಅವರು ನಮಗೆ ಹೇಳುವುದು. ಒಮ್ಮೆ ಸರಿಯಾಗಿ ಗಡಿಯ ಕಲ್ಲಿನ ಹತ್ತಿರ ಒಂದು ಎಮ್ಮೆಯ ಕರು ಅದರೊಳಗೆ ಬಿದ್ದುಬಿಟ್ಟಿತು. ‘ತಲೆ ನಿಮ್ ಕಡೀಕ್ ಐತೆ, ನೀವೇ ಎತ್ತಿ’ ಎಂದ ನಮ್ಮ ಜವಾನ. ‘ಬಾಲ ನಿಮ್ದಲ್ವೇನ್ಲಾ, ಬಾಲ ಇಡ್ಕೊಂಡ್ ಎಳ್ಕೊಳ್ಳಿ’ ಎಂದ ಅವರ ಮೇಸ್ತ್ರಿ. ನಾನೂ ಬಂದು ಗಡಿಯ ಕಲ್ಲನ್ನು ಪರಿಶೀಲಿಸಿ, ಕರುವಿನ ನಡು ಯಾರ ವ್ಯಾಪ್ತಿಗೆ ಬರುತ್ತದೆ ಎಂಬ ಸೂಕ್ಷ್ಮಕ್ಕೆ ಕೈಹಾಕಿದೆ. ಅಷ್ಟರಲ್ಲಿ ಕರುವೇ ಬೇಸತ್ತು, ಹೊರಳಿ, ಎದ್ದು, ನಮ್ಮ ಮೂವರ ಮೇಲೂ ಮೈ ಕೊಡವಿ ಮನೆಗೆ ಹೋಯಿತು.

ಇಂಥ ಅನಾಥ ಚರಂಡಿಯನ್ನು ಅದರ ಸಕಲ ಚಾಕರಿಯ ಸಹಿತ ಪಟ್ಟಣದವರಿಗೆ ಒಪ್ಪಿಸತಕ್ಕದ್ದೆಂದು ಮೇಲಿನಿಂದ ಆಜ್ಞೆಯಾಯಿತು ನೋಡಿ, ನಮ್ಮ ಊರಿನ ಎದೆಯಲ್ಲಿ ಎಲ್ಲಿ ಅಡಗಿತ್ತೋ ಆ ವಾತ್ಸಲ್ಯ, ಉಕ್ಕಿ ಹರಿಯತೊಡಗಿತು. ನಿನ್ನೆಯವರೆಗೆ ಮೂಗು ಮುಚ್ಚಿ ದಾಟುತ್ತಿದ್ದವರು ಇಂದು ಅದರ ದಂಡೆಯಲ್ಲಿ ನಿಂತು ನಿಟ್ಟುಸಿರು ಬಿಟ್ಟರು. ನಮ್ಮ ಚೇರ್ಮನ್ನರಾದ ಗೌಡರಂತೂ, ‘ನಮ್ಮಪ್ಪನ ಕಾಲದ್ ಚರಂಡಿ ಕಣಯ್ಯ ಅದು. ಸುಮ್ಕೆ ಬಿಟ್ಕೊಡಾಕ್ ಆಯ್ತದಾ? ಎಣ್ಣೊಪ್ಪಿಸ್ದಂಗೆ ಒಪ್ಪಿಸ್ಬೇಕು, ಪ್ಯಾಟೆಯೋರು ನಾಕ್ ಕಾಲ ನೆನೀಬೇಕು’ ಎಂದು ಗದ್ಗದರಾದರು. ಚಪ್ಪರ, ಬಾಳೆಕಂಬ, ಬ್ಯಾಂಡು, ಎರಡು ದಂಡೆಗೂ ಸುಣ್ಣ, ನಡುವೆ ಕತ್ತರಿಸಲು ಒಂದು ಕೆಂಪು ಟೇಪು. ಊಟಕ್ಕೆ ಮುದ್ದೆ ಮತ್ತು ನಮ್ಮೂರ ಹೆಸರಾಂತ ಬಸ್ಸಾರು. ಹಸ್ತಾಂತರವೆಂದರೆ ಕೈಯಿಂದ ಕೈಗೆ ಕೊಡುವುದು ತಾನೆ? ಯಾರೂ ಎಂದೂ ಕೈಯಿಂದ ಮುಟ್ಟದ ವಸ್ತುವನ್ನು ಹಸ್ತಾಂತರಿಸುವ ಈ ಸಮಾರಂಭಕ್ಕೆ ಸ್ವಾಗತ ಭಾಷಣ ಮಾಡುವ ಭಾಗ್ಯ, ಹೈಸ್ಕೂಲು ಓದಿದವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು.

ಇಲ್ಲಿ ಬಸ್ಸಾರಿನ ಸೊಪ್ಪಿನ ವಿಷಯ ಹೇಳಬೇಕು. ಚರಂಡಿ ಲೀನವಾಗುತ್ತಿದ್ದ ಆ ತಗ್ಗಿನಲ್ಲಿ ಕೇರಿಯ ಒಬ್ಬ ಹೆಂಗಸು, ಗಂಡ ಸತ್ತವಳು, ಎರಡು ಹೆಣ್ಣುಮಕ್ಕಳ ತಾಯಿ, ಹೆಂಟೆ ಕಟ್ಟಿ ನೀರು ತಿರುಗಿಸಿ ಮಡಿ ಮಾಡಿಕೊಂಡಿದ್ದಳು. ಅಲ್ಲಿ ಬೆಳೆದ ದಂಟು, ಕೀರೆ, ಹರಿವೆಗಳನ್ನು ನೀವು ನೋಡಬೇಕಿತ್ತು; ಒಂದೊಂದು ಎಲೆಯೂ ಅಂಗೈಯಗಲ, ಎಣ್ಣೆ ಸವರಿದ ಹೊಳಪು. ಬೆಳಗಾದರೆ ಪುಟ್ಟಿ ಹೊತ್ತು ಬೀದಿ ಬೀದಿ ಕೂಗುತ್ತಿದ್ದಳು. ಊರಿಗೆಲ್ಲ ಅವಳು ‘ಸೊಪ್ಪಿನವಳು’. ನಮ್ಮ ಮನೆಯ ಮೆಟ್ಟಿಲನ್ನು ಅವಳು ಹತ್ತುವಂತಿರಲಿಲ್ಲ, ಅವಳ ಸೊಪ್ಪು ಹತ್ತುತ್ತಿತ್ತು. ಅವ್ವ ಮೇಲಿನಿಂದ ಒಂದು ಚೊಂಬು ನೀರು ಚಿಮುಕಿಸಿ ಕಂತೆಯನ್ನು ಎತ್ತಿಕೊಂಡು, ‘ಅದೇನ್ ಗೊಬ್ರ ಆಕೀಯೇ ನಿನ್ ಸೊಪ್ಗೆ, ಇಂಗ್ ಕೊಬ್ಬದೆ!’ ಎನ್ನುತ್ತಿದ್ದಳು. ‘ನಿಮ್ಮಂತೋರ್ ಆಶೀರ್ವಾದ ಕಣವ್ವಾ’ ಎಂದು ಅವಳು ನಗುತ್ತಿದ್ದಳು. ಆ ಉತ್ತರದಲ್ಲಿ ಎಷ್ಟು ನಿಜವಿತ್ತೆಂದರೆ ಅವ್ವ ಮುಂದೆ ಕೇಳುತ್ತಿರಲಿಲ್ಲ. ಅದು ಯಾವ ನೀರಿನ ಸೊಪ್ಪೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದೆಯೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಉಣ್ಣುವುದು ನಮ್ಮ ಊರಿನ ಸಂಸ್ಕಾರಗಳಲ್ಲಿ ಅತ್ಯಂತ ಪ್ರಾಚೀನವಾದದ್ದು.

ಸಮಾರಂಭಕ್ಕೆ ಮುಂಚೆ ಒಂದು ಮಧ್ಯಾಹ್ನ ಆಕೆ ಕಚೇರಿಯ ಕಿಟಕಿಯ ಹೊರಗೆ ನಿಂತು ನನ್ನನ್ನು ಕರೆದಳು. ವಯಸ್ಸಿನಲ್ಲಿ ನನಗಿಂತ ಹಿರಿಯಳು. ಆದರೂ ಅವಳದು ಬಹುವಚನ, ನನ್ನದು ಏಕವಚನ. ಅಂದಿನ ವ್ಯಾಕರಣ ಹಾಗಿತ್ತು.

‘ಅಣ್ಣಯ್ಯ, ಚರಂಡೀನ ಪ್ಯಾಟೆಯೋರ್ಗೆ ಕೊಟ್ಬುಡ್ತಾರಂತಲ್ಲ, ದಿಟವಾ?’

‘ದಿಟ. ನಿನಗೇನು?’

‘ನಂಗೇನು ಅಂದ್ರೆ? ಅವ್ರು ನೀರ್ನ ಬ್ಯಾರೆ ಕಡೀಕ್ ತಿರುಗ್ಸುದ್ರೆ ನನ್ ಮಡಿ ಒಣಗೋಯ್ತದೆ. ಎಲ್ಡ್ ಮಕ್ಳ ಕಟ್ಕೊಂಡು ಎಲ್ಲೋಗನ? ನೀವು ಬಾಸಣ ಮಾಡ್ತೀರಂತೆ. ಅದ್ರಾಗೆ ನಂದೂ ಒಂದ್ ಮಾತ್ ಸೇರ್ಸಿ. ಇಂತೋಳೊಬ್ಳು ಈ ನೀರ್ನಾಗೇ ಬದುಕ್ತಾವ್ಳೆ, ಅಂಗೇ ಬುಟ್ಬುಡಿ ಅಂತ. ಎಸ್ರಿಡ್ದು ಏಳಿ ಅಣ್ಣಯ್ಯ. ಎಸ್ರಿಲ್ದಿದ್ರೆ ಯಾರ್ದೂ ಅಲ್ಲ ಅಂದ್ಕೊಂಡ್ಬುಡ್ತಾರೆ.’

ಹೇಳುತ್ತೇನೆ ಹೋಗು ಎಂದೆ. ಅವಳು ತನ್ನ ಹೆಸರನ್ನು ಎರಡು ಸಲ ಹೇಳಿ, ನನ್ನಿಂದ ಒಂದು ಸಲ ಹೇಳಿಸಿ, ‘ಅವತ್ತಿನ್ ಸೊಪ್ಪು ನಂದೇ, ಕಾಸು ಬ್ಯಾಡ’ ಎಂದು ಹೊರಟಳು.

ಸಮಾರಂಭದ ದಿನ ಪಟ್ಟಣದ ಅಧ್ಯಕ್ಷರು ಬರುವಾಗ ಹೊತ್ತು ನೆತ್ತಿ ಮೀರಿತ್ತು. ಹಸಿದವರ ಮುಂದೆ ಭಾಷಣ ಮಾಡಿದರೆ ಪಾಪ ಬರುತ್ತದೆಂದು ಗೌಡರು ಊಟವನ್ನು ಮುಂದಕ್ಕೂ ಭಾಷಣವನ್ನು ಹಿಂದಕ್ಕೂ ಹಾಕಿದರು. ಅಧ್ಯಕ್ಷರು ಬಸ್ಸಾರನ್ನು ಮೂರು ಸಲ ಹಾಕಿಸಿಕೊಂಡರು. ‘ಏನ್ರೀ ಗೌಡ್ರೇ ಇದು ಸೊಪ್ಪು! ನಮ್ಮ ಪಟ್ಟಣದಲ್ಲಿ ಸಿಕ್ಕೋದೆಲ್ಲ ಹುಲ್ಲು ಕಣ್ರೀ’ ಎಂದರು. ಗೌಡರು ತಾವೇ ಮೊಳೆತು ಚಿಗುರಿದವರಂತೆ ಹಿಗ್ಗಿದರು.

ಆಮೇಲೆ ನಾನು ಎದ್ದೆ. ಮುದ್ದೆ ಉಂಡು ಕೂತ ಸಭೆಯನ್ನು ನೀವು ಎಂದಾದರೂ ಉದ್ದೇಶಿಸಿ ಮಾತಾಡಿದ್ದೀರಾ? ಮೊದಲ ಸಾಲಿನಲ್ಲಿ ಕಣ್ಣುಗಳು ಮುಚ್ಚಿದ್ದವು, ಎರಡನೆಯದರಲ್ಲಿ ಬಾಯಿಗಳು ತೆರೆದಿದ್ದವು. ‘ಪ್ರಾತಃಸ್ಮರಣೀಯ’ ಎಂಬ ಪದವನ್ನು ನಾನು ಎರಡು ದಿನ ಕಂಠಪಾಠ ಮಾಡಿದ್ದೆ. ಅದು ಯಾರನ್ನೂ ಎಬ್ಬಿಸಲಿಲ್ಲ. ಚಪ್ಪರದ ಕೊನೆಯ ಕಂಬದ ಹೊರಗೆ, ಬ್ಯಾಂಡಿನವರ ಪಕ್ಕದಲ್ಲಿ, ಖಾಲಿ ಪುಟ್ಟಿ ಕಂಕುಳಲ್ಲಿಟ್ಟುಕೊಂಡು ಅವಳು ನಿಂತಿದ್ದಳು. ಅವಳ ಮಾತು ಹೇಳುವ ಘಳಿಗೆ ಬಂದಿತ್ತು. ಆಗ ನನಗೊಂದು ಹಾಸ್ಯ ಹೊಳೆಯಿತು. ಜೀವಮಾನದಲ್ಲಿ ನನಗೆ ಹೊಳೆದ ಹಾಸ್ಯಗಳು ಕಡಿಮೆ. ಹೊಳೆದದ್ದನ್ನು ನುಂಗಿಕೊಳ್ಳುವ ವಿವೇಕ ಇನ್ನೂ ಕಡಿಮೆ.

‘ಮಾನ್ಯ ಅಧ್ಯಕ್ಷರೇ, ನಮ್ಮ ಚರಂಡಿಯನ್ನು ನಾವು ತಮಗೆ ಇನ್ನು ಮೇಲೆ ಒಪ್ಪಿಸುತ್ತೇವೆಂದು ತಾವು ತಿಳಿದಿದ್ದೀರಿ. ಅದು ತಪ್ಪು. ಅದರ ಫಲವನ್ನು ತಾವು ಆಗಲೇ ಮೂರು ಸಲ ಬಡಿಸಿಕೊಂಡಾಗಿದೆ. ಬೇಕಾದರೆ ಅಗೋ, ಅಲ್ಲಿ ನಿಂತಿರುವ ಆ ಸೊಪ್ಪಿನವಳನ್ನು ಕೇಳಿ!’

ಬೆರಳು ಮಾಡಿ ತೋರಿಸಿದೆ. ಸಭೆಯೇ ತಿರುಗಿತು. ಬಿದ್ದು ಬಿದ್ದು ನಕ್ಕಿತು. ನಿದ್ದೆಯಿಂದ ಎದ್ದವರು ಏನೆಂದು ತಿಳಿಯದೆ ನಕ್ಕರು. ಆ ದೂರಕ್ಕೆ ನನ್ನ ಮಾತು ಕೇಳಿಸಿರಲಿಲ್ಲ. ಎಲ್ಲರೂ ತನ್ನತ್ತ ತಿರುಗಿ ನಗುವುದಷ್ಟೇ ಅವಳಿಗೆ ಕಂಡದ್ದು. ಅಣ್ಣಯ್ಯ ಮಾತು ಉಳಿಸಿಕೊಂಡರು ಎಂದು ತಿಳಿದು ಪುಟ್ಟಿಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ತಾನೂ ನಗುತ್ತಾ, ಎರಡು ಕೈ ಜೋಡಿಸಿ ಇಡೀ ಸಭೆಗೆ ನಮಸ್ಕಾರ ಮಾಡಿದಳು.

ನಗೆ ತಣ್ಣಗಾಗುವ ಹೊತ್ತಿಗೆ ಅರ್ಥ ಇಳಿಯಿತು. ಅಧ್ಯಕ್ಷರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಯಾರೋ ಎದ್ದು ಚಪ್ಪರದ ಹಿಂದಕ್ಕೆ ಓಡಿದರು. ಅವರ ಹಿಂದೆ ಇನ್ನೊಬ್ಬರು. ಗೌಡರು ಸುಣ್ಣ ಬಳಿದ ದಂಡೆಯಲ್ಲಿ ಬಗ್ಗಿ, ಅಪ್ಪನ ಕಾಲದ ಚರಂಡಿಗೆ ಕ್ಯಾಕರಿಸಿ ಉಗಿದರು. ಟೇಪನ್ನು ಯಾರು ಕತ್ತರಿಸಿದರೋ ನನಗೆ ನೆನಪಿಲ್ಲ. ಬಾಯಿ ಶುದ್ಧಿಗೆಂದು ಎಲ್ಲರೂ ಎಲೆ ಕಿತ್ತು ಅಗಿದು, ಅಂದು ಸಂಜೆ ಊರಿನ ಬೇವಿನ ಮರಗಳೆಲ್ಲ ಕೈಗೆಟುಕುವಷ್ಟು ಎತ್ತರಕ್ಕೆ ಬೋಳಾದವು.

ಅದೇ ಸಂಜೆ ಅವಳು ನಮ್ಮ ಮನೆಯ ಮೆಟ್ಟಿಲ ಬಳಿ ಬಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ‘ಅವ್ವಾ, ಅಣ್ಣಯ್ಯ ನನ್ ಮಾತಾಡುದ್ರು, ಅವ್ರ್ ಒಟ್ಟೆ ತಣ್ಗಿರ್ಲಿ. ಒಂದ್ ಕಂತೆ ಮಡಗಿವ್ನಿ’ ಎಂದು ಕೂಗಿ ಹೇಳಿ ಹೋದಳು. ಆಗ ಹೊರಗೆ ಹೋಗಿ ನಿಲ್ಲಿಸಿ ಹೇಳಬಹುದಿತ್ತು. ಅವಳು ತಿರುವು ದಾಟುವಷ್ಟು ಹೊತ್ತು ಇತ್ತು; ಆ ಹೊತ್ತನ್ನು ನಾನು ಬಾಗಿಲ ಚಿಲಕವನ್ನು ನೋಡುವುದರಲ್ಲಿ ಕಳೆದೆ. ಅವ್ವ ಆ ಕಂತೆಯನ್ನು ಪೊರಕೆಯಿಂದ ತಳ್ಳಿ ತಳ್ಳಿ ಚರಂಡಿಗೆ ಬೀಳಿಸಿದಳು. ಬಂದಲ್ಲಿಗೇ ಹೋಯಿತು.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಕೂಗಿದಳು. ಒಂದು ಬಾಗಿಲೂ ತೆರೆಯಲಿಲ್ಲ. ಬೀದಿಯ ಕೊನೆಯಲ್ಲಿ ಯಾರೋ ಹುಡುಗರು ನನ್ನ ಹಾಸ್ಯವನ್ನು ಅವಳಿಗೆ ವಿವರಿಸಿದರಂತೆ. ಆಮೇಲೆ ಕೂಗು ಕೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಕೇವಲ ಬಾಯಿಬಡುಕನಾಗಿ ಉಳಿಯುತ್ತಿದ್ದೆ. ಆದರೆ ಬಸ್ಸಾರಿನ ರುಚಿಯನ್ನು ಅಧ್ಯಕ್ಷರ ಹೊಟ್ಟೆ ಮರೆತರೂ ನಾಲಿಗೆ ಮರೆಯಲಿಲ್ಲ. ಅಂಥ ಸೊಪ್ಪು ಬೆಳೆಯುವ ನೀರು ಸುಮ್ಮನೆ ಹರಿದುಹೋಗುವುದೇ ಎಂದು ಪಟ್ಟಣದಲ್ಲಿ ಯೋಚನೆಯಾಯಿತು. ಯಾರಿಗೂ ಬೇಡವಾಗಿದ್ದ ಚರಂಡಿಯ ನೀರು ಮುಂದಿನ ವರ್ಷ ಹರಾಜಾಯಿತು. ಕೂಗಿ ಹಿಡಿದವರು ನಮ್ಮ ಗೌಡರ ಅಳಿಯಂದಿರು. ಅದೇ ತಗ್ಗು, ಅದೇ ಮಡಿ, ಅದೇ ದಂಟು. ಆದರೆ ಈಗ ಅದು ಗಾಡಿಯ ಮೇಲೆ ಪಟ್ಟಣದ ಮಾರ್ಕೆಟ್ಟಿಗೆ ಹೋಗಿ, ಬೋರ್ಡು ಇದ್ದ ಅಂಗಡಿಯೊಂದರಲ್ಲಿ ಕೂತು, ಚೀಲದಲ್ಲಿ ನಮ್ಮ ಊರಿಗೆ ಮರಳಿ ಬರುತ್ತಿತ್ತು. ‘ಪ್ಯಾಟೆ ಸೊಪ್ಪು ಅಂದ್ರೆ ಪ್ಯಾಟೆ ಸೊಪ್ಪೇ ಕಣ್ಲಾ, ಎಂಗದೆ ನೋಡು!’ ಎಂದು ಅವ್ವ ನೀರು ಚಿಮುಕಿಸದೆಯೇ ಒಳಗೆ ತೆಗೆದುಕೊಂಡಳು. ಅಂದು ನನ್ನ ತಟ್ಟೆಗೆ ಬಿದ್ದ ಬಸ್ಸಾರು ಗಂಟಲಲ್ಲಿ ಇಳಿಯಲಿಲ್ಲ. ಹೊಟ್ಟೆಗೆ ಒಗ್ಗುವುದಿಲ್ಲ ಎಂದು ಹೇಳಿದ್ದು ಆ ದಿನ.

ಅವಳು ಮಕ್ಕಳನ್ನು ಕರೆದುಕೊಂಡು ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಕೂಲಿಗೆ ಹೋದಳೆಂದು ಕೇಳಿದೆ. ಉಣ್ಣುವ ಸೊಪ್ಪು ಬೆಳೆದವಳನ್ನು ಸೇದುವ ಸೊಪ್ಪಿಗೆ ಅಟ್ಟಿದ್ದು ನನ್ನ ಹಾಸ್ಯಪ್ರಜ್ಞೆ. ಕೆಲವು ವರ್ಷದ ಮೇಲೆ ಅಲ್ಲಿಗೆ ಒಂದು ಮದುವೆಗೆ ಹೋದವನು, ವಿಚಾರಿಸಿಕೊಂಡು ಅವಳಿದ್ದ ಕೇರಿಯ ತಲೆಯವರೆಗೆ ನಡೆದೆ. ಮಳೆ ಬಂದು ಕೆಸರಾಗಿತ್ತು, ನನ್ನದು ಹೊಸ ಪಂಚೆ, ಮದುವೆ ಮನೆಯಲ್ಲಿ ಎಲೆ ಹಾಕುವ ಹೊತ್ತು. ಮೂರು ಕಾರಣಗಳೂ ಸತ್ಯವೇ. ಹಿಂದಿರುಗಿ ಬಂದು ಉಂಡೆ.

ಇವತ್ತು ಮತ್ತೆ ಬಸ್ಸಾರು. ಸೊಸೆ ಚನ್ನರಾಯಪಟ್ಟಣದವಳು, ಬಸ್ಸಾರಿನಲ್ಲಿ ಎತ್ತಿದ ಕೈ. ‘ಎಲ್ಲಿ ಬೆಳ್ದಿದ್ದೋ ಏನೋ, ಮೂರು ಸಲ ತೊಳ್ದಿದ್ದೀನಿ’ ಎನ್ನುತ್ತಾ ಎಲ್ಲರಿಗೂ ಬಡಿಸಿ, ನನ್ನ ತಿಳಿಸಾರಿನ ಬಟ್ಟಲು ತರಲು ಎದ್ದಳು. ‘ನಂಗೂ ಅದನ್ನೇ ಹಾಕಮ್ಮ’ ಎಂದೆ. ‘ಅಯ್ಯೋ, ಹೊಟ್ಟೆ ಮಾವ?’ ಎಂದಳು. ‘ಹೊಟ್ಟೆಗೆ ಯಾವತ್ತೂ ಏನೂ ಆಗಿರ್ಲಿಲ್ಲ ಕಣಮ್ಮ’ ಎಂದೆ. ಅನುಮಾನಿಸುತ್ತಲೇ ಬಡಿಸಿದಳು. ಮೊದಲ ತುತ್ತು ಈಗಲೂ ಗಂಟಲಲ್ಲಿ ನಿಂತಿತು. ಅಂದಿನ ಭಾಷಣದಲ್ಲಿ ಆಡದೆ ಉಳಿದ ಮಾತು ಅಲ್ಲಿ ಅಡ್ಡ ಕೂತಿದೆ. ಕೇಳಬೇಕಾದವರು ಯಾರೂ ಈಗ ಇಲ್ಲ. ಆದರೂ ಎದ್ದು ನಿಂತು, ಅವಳು ಕೇಳಿಕೊಂಡ ಹಾಗೆಯೇ ಹೇಳಿಬಿಡುತ್ತೇನೆ:

ಮಾನ್ಯ ಅಧ್ಯಕ್ಷರೇ, ಈ ಚರಂಡಿಯ ಕೊನೆಯಲ್ಲಿ ಒಬ್ಬ ಹೆಣ್ಣುಮಗಳು ಸೊಪ್ಪು ಬೆಳೆದು ಎರಡು ಮಕ್ಕಳನ್ನು ಸಾಕುತ್ತಿದ್ದಾಳೆ. ನೀರನ್ನು ಬೇರೆ ಕಡೆಗೆ ತಿರುಗಿಸಬೇಡಿ. ಅದು ಆಕೆಯ ನೀರು. ಆಕೆಯ ಹೆಸರು ಪುಟ್ಟಲಕ್ಕಮ್ಮ.