ಆರು ಅಂಕಿಯ ಮಾಸ್ತರರು

ಇವತ್ತು ಜೋಳ ಹಸನು ಮಾಡಿದೆ, ಪಡಸಾಲೆ ಸಾರಿಸಿದೆ, ಕೌದಿಗೆ ತೇಪೆ ಹಾಕಿದೆ, ಮಗಳ ಪಾಟಿ ತೊಳೆದೆ. ಪಾಟಿ ತೊಳೆಯುವಾಗ ತವರೂರು ಕೊಳಕೂರಿನ ನಮ್ಮ ನೆರೆಮನೆಯ ಮಾಸ್ತರರು ನೆನಪಾದರು.

ಸಾಲೆಯಲ್ಲಿ ಅವರು ಆಗಿನ ಸರಕಾರದ ಕಾಯಿದೆಯಂತೆ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಸಂಜೆ ನಮ್ಮ ಕಟ್ಟೆಗೆ ಬಂದರೆ ಕನ್ನಡದಲ್ಲಿ ಹೇಳುತ್ತ ಪಾಟಿಯ ಮೇಲೆ ಒಂದೇ ಸಂಖ್ಯೆ ಬರೆಯುತ್ತಿದ್ದರು: 1,42,857. ಎರಡರಿಂದ ಗುಣಿಸಿದರೆ 2,85,714, ಮೂರರಿಂದಾದರೆ 4,28,571. ಆರರ ತನಕ ಅವೇ ಆರು ಅಂಕಿಗಳು ಸುತ್ತು ತಿರುಗುತ್ತಿದ್ದವು. ಧೋತರದ ಚುಂಗಿನಿಂದ ಪಾಟಿ ಒರೆಸುತ್ತ, "ಮಂದಿ ಅವರೇ ಅದಾರ, ಜಾಗ ಬದಲಾಗ್ಯದ" ಎನ್ನುತ್ತಿದ್ದರು.

ಒಂದು ಸಂಜೆ ಅವರು ಬಂದಾಗ ನಮ್ಮನೆಯಲ್ಲಿ ಅಳು ತುಂಬಿತ್ತು. ನನ್ನ ಅಕ್ಕ ಮರುದಿನ ನೆಲೋಗಿಗೆ, ಗಂಡನ ಮನೆಗೆ ಹೊರಡಬೇಕಿತ್ತು. ಎರಡು ದಿನದಿಂದ ಅಳುತ್ತಿದ್ದಳು, ಉಂಡಿರಲಿಲ್ಲ. ಮಾಸ್ತರರು ಪಾಟಿ ಹಿಡಿದು ಅವಳ ಪಕ್ಕ ಕೂತರು.

"ಎಷ್ಟರಿಂದ ಗುಣಿಸಲೆವ್ವಾ?"

"ಏಳರಿಂದ ಮಾಡ್ರಿ."

ಅವರು ಏಳಕ್ಕೆ ಎಂದೂ ಹೋದವರಲ್ಲ. ಆದರೂ ಗುಣಿಸಿದರು: 9,99,999.

"ಮಂದಿ ಎಲ್ಲಿ ಹೋದ್ರು, ಮಾಸ್ತರ್ರ?" ಎಂದಳು ಅಕ್ಕ.

ಅವರು ಪಾಟಿಯ ಒಂದು ಮೂಲೆ ಒರೆಸಿ ಜಾಗ ಮಾಡಿದರು. "ನನಗೂ ತಿಳಿಲಿಲ್ಲವ್ವಾ. ಎಂಟರಿಂದ ಮಾಡಿ ನೋಡೋಣೇನು?"

ಬಂದದ್ದು 11,42,856. ಅಕ್ಕ ಬಳಪ ಕಸಿದುಕೊಂಡಳು. ಮುಂದೆ ಹೆಚ್ಚಾಗಿದ್ದ ಒಂದನ್ನು ಅಳಿಸಿ, ಕೊನೆಯ ಅಂಕಿ ಆರಕ್ಕೆ ಕೂಡಿಸಿದಳು. ಪಾಟಿಯ ಮೇಲೆ 1,42,857.

"ತಿರುಗಿ ಬಂದ್ರಲ್ರಿ!"

"ಬಂದ್ರವ್ವಾ, ಬಂದ್ರು," ಎಂದು ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಂದು ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳೂ ಅವಳೇ.