ಸಾತಾರಾದವರೆಗಿನ ಬಸ್ಸು

ಮೊನ್ನೆ ಪುಣೆಯ ಅಂಚಿನ ಕಾತ್ರಜದಲ್ಲಿ ಬೆಳಗಾವಿ ಕಡೆಯ ಬಸ್ಸು ಹತ್ತಿ ಕೂತೆ. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಮೂಗಿಗೆ ಬಡಿಯಿತು. ಅದರೊಳಗೆ ಒಂದಿಷ್ಟು ಡೀಸೆಲ್, ಒಂದಿಷ್ಟು ಧೂಳು, ಯಾರೋ ಸುಲಿದು ತಿಂದ ಕಿತ್ತಳೆಯ ಸಿಪ್ಪೆ. ಬಸ್ಸು ಇನ್ನೂ ಹೊರಟಿರಲಿಲ್ಲ. ನಾನು ಮಾತ್ರ ಆಗಲೇ ಬಿಬವೇವಾಡಿಯ ನಮ್ಮ ಮೂರನೇ ಮಹಡಿಯ ಗ್ಯಾಲರಿಗೆ ಹೋಗಿಬಿಟ್ಟಿದ್ದೆ... ಕಿಟಕಿಯ ಪಕ್ಕ ಕೂತಿದ್ದ ಮಗಳು ಒಮ್ಮೆ ನನ್ನ ಮುಖ ನೋಡಿದಳು. ಅವಳಿಗೂ ಅದೇ ವಾಸನೆ ಬಂದಿರಬೇಕು. 

ಆ ಗ್ಯಾಲರಿಯಲ್ಲಿ ಒಂದು ಬಸ್ಸಿನ ಸೀಟಿತ್ತು. ಇಬ್ಬರು ಕೂರುವ, ಹಸಿರು ರೆಕ್ಸಿನ್ನಿನ, ಮೂಲೆಯಲ್ಲಿ ಹರಿದು ಸ್ಪಂಜು ಇಣುಕುವ ನಿಜವಾದ ಬಸ್ಸಿನ ಸೀಟು. ಎದುರು ಮನೆಯ ಡ್ರೈವರ್ ಕಾಕಾ ನೌಕರಿ ಮುಗಿಸಿ ಬರುವಾಗ ಗುಜರಿಗೆ ಹೋದ ಗಾಡಿಯಿಂದ ಬಿಚ್ಚಿಸಿಕೊಂಡು ಬಂದಿದ್ದರು. ಪುಣೆಯಿಂದ ಹುಬ್ಬಳ್ಳಿಗೆ ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯ. ಸೊಸೈಟಿಯ ಸೆಕ್ರೆಟರಿ ಬಂದು ಇದು ಎಲ್ಲರೂ ಓಡಾಡುವ ಜಾಗ ಎಂದು ಮರಾಠಿಯಲ್ಲಿ ಕೂಗಾಡಿದಾಗ ಕಾಕಾ ಅವರನ್ನೇ ಆ ಸೀಟಿನ ಮೇಲೆ ಕೂಡಿಸಿ ಚಹಾ ಕುಡಿಸಿದರು. ಆಮೇಲೆ ಸೆಕ್ರೆಟರಿಯೇ ದಿನಾ ಬೆಳಿಗ್ಗೆ ಪೇಪರ್ ಓದಲು ಅಲ್ಲಿಗೆ ಬರತೊಡಗಿದರು.

ನಮ್ಮ ಮನೆಯ ಕಥೆ ಆಗ ಬೇರೆಯೇ ಇತ್ತು. ಗೋಕಾಕದ ಹತ್ತಿರದ ನನ್ನ ತವರಿನಲ್ಲಿ ತಮ್ಮನ ಮದುವೆ. ಮಗಳಿಗಾಗ ಐದು ವರ್ಷ. ಯಾರೋ ಪ್ರೀತಿಯಿಂದ ಅವಳ ಬಾಯಿಗೆ ಒಂದು ತುತ್ತು ರವೆಯ ಶಿರಾ ಇಟ್ಟರು. ಒಳ್ಳೆ ಮದುವೆ, ಒಳ್ಳೆ ಶಿರಾ, ಕೈ ಬಿಚ್ಚಿ ಹಾಕಿದ ಗೋಡಂಬಿ. ನೋಡನೋಡುತ್ತಿದ್ದಂತೆ ತುಟಿ ಊದಿತು, ಉಸಿರು ಸಿಳ್ಳೆ ಹೊಡೆಯಿತು. ಆ ಊರಿಂದ ದೊಡ್ಡ ಆಸ್ಪತ್ರೆಗೆ ಹೋದ ದಾರಿ ಇವತ್ತಿಗೂ ನನ್ನ ಕನಸಿನಲ್ಲಿ ಮುಗಿಯುವುದಿಲ್ಲ. ಕೂಸು ಬದುಕಿತು, ಗೋಡಂಬಿ ಅದರ ಮೈಗೆ ಆಗದು ಎಂದು ಗೊತ್ತಾಯಿತು. ಆದರೆ ಅಂದಿನಿಂದ ನಾವು ಕಾತ್ರಜ ದಾಟಲಿಲ್ಲ. ಮದುವೆ, ಮುಂಜಿ, ಸೀಮಂತ, ಎಲ್ಲದಕ್ಕೂ ಒಂದೊಂದು ನೆವ ಹೇಳಿದೆ. ನಮ್ಮವರ ಕಡೆ ಗೋಡಂಬಿ ಎಂದರೆ ಮರ್ಯಾದೆ. ಬೇಡ ಎಂದರೆ ಸಂಕೋಚ ಎಂದುಕೊಂಡು ಇನ್ನೆರಡು ಹಾಕುವ ಜನ. ಅವ್ವನೇ ಪುಣೆಗೆ ಬಂದು ಮೊಮ್ಮಗಳ ಮುಖ ನೋಡಿ ಹೋಗುತ್ತಿದ್ದಳು.

ಮಗಳು ಶಾಲೆಯಲ್ಲಿ ಎರಡನೇ ಇಯತ್ತೆಗೆ ಬಂದಾಗ ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗಾಗಿ ಸಂಶೋಧನೆ ಶುರುವಾಯಿತು. ಯಾವುದು ವಿಷವೋ ಅದನ್ನೇ ಕಣ್ಣಿಗೆ ಕಾಣದಷ್ಟು ದಿನಾ ತಿನ್ನಿಸುವುದು. ಕೆಲವು ವಾರಕ್ಕೊಮ್ಮೆ ಆಸ್ಪತ್ರೆಯಲ್ಲೇ ಕೂಡಿಸಿಕೊಂಡು ತುಸು ಹೆಚ್ಚಿಸುವುದು. ಮೈ ಮೆಲ್ಲಗೆ ಅದರ ಜತೆ ಜಗಳ ಬಿಡಬಹುದು, ಬಿಡದೆಯೂ ಇರಬಹುದು. ಡಾಕ್ಟರ್ ಮೇಡಂ ಏನನ್ನೂ ಮುಚ್ಚಿಟ್ಟು ಮಾತಾಡುವ ಪೈಕಿಯಲ್ಲ. ‘ಖಾತ್ರಿ ನಾಹೀ ತಾಯೀ, ಹೇ ಸಂಶೋಧನ್ ಆಹೇ,’ ಖಾತ್ರಿ ಕೊಡಲಾರೆ ಎಂದರು. ಮೊದಲ ಕೆಲವು ತಿಂಗಳು ಕೆಲವು ಮಕ್ಕಳಿಗೆ ಗೋಡಂಬಿ ಪುಡಿ, ಕೆಲವರಿಗೆ ಹಾಗೆಯೇ ಕಾಣುವ ಬರೀ ಹಿಟ್ಟು. ಯಾರಿಗೆ ಯಾವುದೆಂದು ನಮಗೂ ಹೇಳುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಗಂಡ ಬೇಡ ಎಂದರು. ನಾನು ಸಹಿ ಹಾಕೋಣ ಎಂದು ಹಟ ಹಿಡಿದೆ. ನನ್ನ ಮಗಳು ಒಂದು ದಿನ ಹೆದರದೆ ನನ್ನ ತವರಿನಲ್ಲಿ ಪಂಕ್ತಿಗೆ ಕೂತು ಊಟ ಮಾಡಬೇಕು, ನನಗೆ ಬೇಕಾದದ್ದು ಅಷ್ಟೇ ಇತ್ತು.

ಪುಡಿ ತಿನ್ನಿಸುವುದು ಕಷ್ಟವಾಗಲಿಲ್ಲ. ಬಾಳೆಹಣ್ಣಿನಲ್ಲಿ ಕಿವುಚಿ ಕೊಟ್ಟರೆ ಮುಗಿಯಿತು. ಕಷ್ಟವೆಲ್ಲ ಆಮೇಲೆ. ತಿಂದ ಮೇಲೆ ಎರಡು ತಾಸು ಓಡಬಾರದು, ಕುಣಿಯಬಾರದು, ಬಿಸಿನೀರಿನ ಸ್ನಾನ ಮಾಡಬಾರದು. ಮೈ ಬಿಸಿಯಾದರೆ ಅಡಗಿದ್ದ ವಿಷ ಏಳಬಹುದು. ನಿದ್ದೆಯನ್ನೂ ಮಾಡಬಾರದು, ವಿಷ ಎದ್ದರೆ ಗೊತ್ತಾಗುವುದಿಲ್ಲ. ಸಂಜೆ ಆರರಿಂದ ಎಂಟು, ಕೆಳಗೆ ಅಂಗಳದಲ್ಲಿ ಮಕ್ಕಳೆಲ್ಲ ಕೂಗಾಡಿ ಆಡುವ ಹೊತ್ತು. ಕಾಲಿಗೆ ಚಕ್ರ ಕಟ್ಟಿಕೊಂಡ ಏಳು ವರ್ಷದ ಹುಡುಗಿಯನ್ನು ಹೇಗೆ ಕೂಡಿಸುವುದು? ಟಿವಿ ಹಾಕಿದರೆ ಸೋಫಾದ ಮೇಲೆಯೇ ಕುಣಿಯುತ್ತಿದ್ದಳು. ಬೈದರೆ ಅತ್ತು ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಮಗರಪಟ್ಟಾದ ಆಫೀಸಿನಿಂದ ದಣಿದು ಬಂದ ನಾನು ಅಡುಗೆ ಮಾಡುವುದೋ, ಇವಳ ಕಾಲು ಹಿಡಿದುಕೊಂಡು ಕೂರುವುದೋ.

ಒಂದು ಸಂಜೆ ನಮ್ಮ ಗಲಾಟೆ ಕೇಳಲಾರದೆ ಡ್ರೈವರ್ ಕಾಕಾ ಗ್ಯಾಲರಿಯಿಂದಲೇ ಕೇಳಿದರು, ‘ಏನ್ ನಡದದ ರೀ ತಂಗಿ, ದಿನಾ ಸಂಜೀಕ?’ ಹೇಳಿದೆ. ಎಲ್ಲ ಕೇಳಿ, ‘ಗೋಡಂಬಿ ಅಂದ್ರ ಇಷ್ಟು ತುಟ್ಟಿ ವಿಷ ನಾ ಕೇಳೇ ಇಲ್ಲ ಬಿಡ್ರಿ,’ ಎಂದು ನಕ್ಕರು. ಆಮೇಲೆ ತುಸು ಯೋಚಿಸಿ, ‘ಎರಡು ತಾಸು ಅಂದ್ರ ನಿಮ್ಮೂರ ಬಸ್ಸಿನ್ಯಾಗ ಇಲ್ಲಿಂದ ಸಾತಾರಾ,’ ಎಂದರು. ಮಗಳನ್ನು ಸೀಟಿನ ಮೇಲೆ ಕಿಟಕಿ ಕಡೆ ಕೂಡಿಸಿ, ತಾವು ಪಕ್ಕದಲ್ಲಿ ಕೂತು, ಗಾಳಿಯಲ್ಲಿ ಗಿಯರ್ ಹಾಕಿ ಗಾಡಿ ಬಿಟ್ಟರು.

ಅಂದಿನಿಂದ ದಿನಾ ಆರಕ್ಕೆ ಆ ಗಾಡಿ ಹೊರಡುತ್ತಿತ್ತು. ಮೊದಲು ಕಾತ್ರಜದ ಬೋಗದೆ, ಗುಡ್ಡದ ಸುರಂಗ, ಒಳಗೆ ಕತ್ತಲೆ, ಮಗಳು ಕಣ್ಣು ಮುಚ್ಚಬೇಕು. ಹೊರಗೆ ಬಂದರೆ ಖೇಡ ಶಿವಾಪುರ. ಶಿರವಳದಲ್ಲಿ ನೀರಾ ನದಿ, ಸೇತುವೆ ಮೇಲೆ ಹೋಗುವಾಗ ಕೈ ಮುಗಿಯಬೇಕು. ಆಮೇಲೆ ಖಂಬಾಟಕಿ ಘಾಟು. ಅಲ್ಲಿ ತಿರುವಿಗೊಂದು ಹಾರ್ನು, ಅದು ಮಗಳ ಕೆಲಸ. ಘಾಟು ಇಳಿದರೆ ಗಾಳಿ ತಂಪು, ಕಬ್ಬಿನ ಹೊಲ, ಭುಯಿಂಜದ ಹತ್ತಿರ ಕೃಷ್ಣೆ... ನಾನು ಒಳಗೆ ಚಪಾತಿ ಲಟ್ಟಿಸುತ್ತಾ ಕೇಳುತ್ತಿದ್ದೆ. ದೂರದಲ್ಲಿ ಕಾತ್ರಜದ ಗುಡ್ಡದ ಮೇಲೆ ಒಂದೊಂದೇ ದೀಪ ಹತ್ತುತ್ತಿದ್ದವು. ಕಾಕಾನ ದನಿ ದೊಡ್ಡದಾಗುತ್ತಿರಲಿಲ್ಲ, ಚಿಕ್ಕದೂ ಆಗುತ್ತಿರಲಿಲ್ಲ, ಒಂದೇ ಗತಿಯಲ್ಲಿ ಓಡುತ್ತಿತ್ತು. ಕೆಲವು ಸಂಜೆ ನಮ್ಮ ಕಟ್ಟಡವೇ ಮೆಲ್ಲಗೆ ತೆಂಕಣಕ್ಕೆ ಹೊರಟ ಹಾಗೆ, ನನ್ನ ಒಲೆ, ನನ್ನ ಹಂಚು, ಒಣಹಾಕಿದ ಬಟ್ಟೆ ಎಲ್ಲವೂ ನನ್ನ ತವರಿನ ಕಡೆಗೆ ಸರಿಯುತ್ತಿರುವ ಹಾಗೆ ಅನಿಸುತ್ತಿತ್ತು. ಆಮೇಲೆ ಕುಕ್ಕರ್ ಕೂಗುತ್ತಿತ್ತು.

ಎಂಟಕ್ಕೆ ಸಾತಾರಾ. ಮಗಳು ಜಿಗಿದು ಇಳಿದು ಓಡುತ್ತಿದ್ದಳು. ಒಮ್ಮೊಮ್ಮೆ ಮಾತ್ರ ಇಳಿಯದೆ ಕೇಳುತ್ತಿದ್ದಳು, ‘ಮುಂದ ಯಾವ ಊರು ಕಾಕಾ?’ ಅವರು ಹೇಳುತ್ತಿರಲಿಲ್ಲ. ‘ಮುಂದಿಂದು ನಿನ್ನ ಔಷಧ ಮುಗದ ಮ್ಯಾಲೆ. ಆಗ ಖರೇ ಗಾಡ್ಯಾಗ ಹೋಗೂಣು. ನಾನೂ ಬರ್ತೀನಿ, ಅಜ್ಜಿ ಊರು ಬರೂತನಕ ಒಂದೂ ಬಿಡದ ಹೇಳ್ತೀನಿ.’

ಆ ಗಾಡಿಗೆ ಕಾಕಾ ಒಂದು ಕಾಯ್ದೆ ಮಾಡಿದ್ದರು. ಅದು ಎಕ್ಸ್‌ಪ್ರೆಸ್. ನಡುವೆ ಎಲ್ಲೂ ನಿಲ್ಲುವುದಿಲ್ಲ, ಘಾಟಿನಲ್ಲಂತೂ ಯಾರೂ ಏಳಬಾರದು, ಡ್ರೈವರನ್ನು ಮಾತಾಡಿಸಬಾರದು. ಹುಡುಗಿ ಎದ್ದು ಓಡದಿರಲಿ ಎಂದು ಹೂಡಿದ ಉಪಾಯ. ಜೀವಮಾನ ಸ್ಟೀರಿಂಗ್ ಹಿಡಿದವರಿಗೆ ತೋಚುವುದೂ ಅದೇ. ನಾನೂ ಮೆಚ್ಚಿಕೊಂಡಿದ್ದೆ.

ಚಳಿಗಾಲದ ಒಂದು ಸಂಜೆ. ಹಿಂದಿನ ದಿನವಷ್ಟೇ ಆಸ್ಪತ್ರೆಯಲ್ಲಿ ಪುಡಿ ಹೆಚ್ಚಿಸಿದ್ದರು. ಗಾಡಿ ಖಂಬಾಟಕಿ ಏರುತ್ತಿತ್ತು. ‘ತಿರುವು ಬಂತು, ಹಾರ್ನ್ ಹೊಡಿ,’ ಎಂದರು ಕಾಕಾ. ಹಾರ್ನ್ ಕೇಳಲಿಲ್ಲ. ಇನ್ನೊಂದು ತಿರುವು. ಕೇಳಲಿಲ್ಲ. ಮರುಕ್ಷಣ ಅವರ ಕೂಗು ಕೇಳಿತು, ‘ತಂಗಿ, ಲಗೂ ಬರ್ರಿ! ಸೂಜಿ ತರ್ರಿ!’ ಹೊರಗೆ ಓಡಿದೆ. ಮಗಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಕುತ್ತಿಗೆಯೆಲ್ಲ ಕೆಂಪು, ತುಟಿ ಊದಿದೆ, ಕಣ್ಣಿನಿಂದ ನೀರು ಸುರಿಯುತ್ತಿದೆ. ಆಸ್ಪತ್ರೆಯವರು ಕೊಟ್ಟು ಕಲಿಸಿದ್ದ ಇಂಜೆಕ್ಷನ್ನನ್ನು ಅವಳ ತೊಡೆಗೆ ಚುಚ್ಚಿದೆ.  ರಿಕ್ಷಾದಲ್ಲಿ ಹೋಗುವಾಗ ಉಸಿರು ತಿರುಗಿತು. ‘ಮೊದಲೇ ಯಾಕ ಹೇಳಲಿಲ್ಲ ಪುಟ್ಟಿ?’ ಎಂದೆ. ‘ಘಾಟಿನ್ಯಾಗ ಗಾಡಿ ನಿಂದ್ರಸಬಾರದಲ್ಲವ್ವ,’ ಎಂದಳು.

ಗಂಡ ಆಸ್ಪತ್ರೆಗೆ ಓಡಿಬಂದವರು ಒಂದೇ ಮಾತು ಆಡಿದರು: ‘ನಮಗ ಸಿಕ್ಕಿದ್ದು ಬರೇ ಹಿಟ್ಟಲ್ಲ ಅನ್ನೂದಾದರೂ ಗೊತ್ತಾತು.’ ಇನ್ನು ಸಾಕು ಎನ್ನುವುದು ಅವರ ಮುಖದ ಮೇಲೆಯೇ ಇತ್ತು. ಯಾವಾಗ ಬೇಕಾದರೂ ಬಿಡಬಹುದು, ಬಿಡದಿದ್ದರೆ ಮತ್ತೆ ಕಡಿಮೆಯಿಂದ ಶುರು ಮಾಡೋಣ ಎಂದು ಡಾಕ್ಟರ್ ಹೇಳಿದರು. ಮಗಳನ್ನು ಮನೆಗೆ ಕರೆತಂದೆವು. ಗ್ಯಾಲರಿಯಲ್ಲಿ ಸೀಟು ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಎದುರು ಮನೆಯ ಬಾಗಿಲು ಮುಚ್ಚಿತ್ತು. ಸಂಜೆ ಬಾಳೆಹಣ್ಣಿನ ಬಟ್ಟಲು ಮುಂದಿಟ್ಟರೆ ಮಗಳು ಬಾಯಿ ಬಿಗಿಹಿಡಿದಳು. ಗಾಡಿ ಇಲ್ಲ ಎಂದರೆ ಪುಡಿ ಇಲ್ಲ. ಅಲ್ಲಿಗೆ ಎಲ್ಲವೂ ಮುಗಿಯುವ ಹಾಗಿತ್ತು.

ನಾನೇ ಹೋಗಿ ಅವರ ಬಾಗಿಲು ತಟ್ಟಿದೆ. ಕಾಕಾ ನನ್ನ ಮುಖ ನೋಡಲಿಲ್ಲ. ‘ಇಷ್ಟು ವರ್ಷ ಗಾಡಿ ನಡಸೀನಿ ರೀ, ಒಬ್ಬ ಪ್ಯಾಸೆಂಜರಿಗೂ ಗೀಚು ಬಿದ್ದಿಲ್ಲ. ಕುಂತ ಜಾಗಾದಾಗ ಕೂಸಿನ್ನ ಕೊಂದಬಿಡ್ತಿದ್ನೆಲ್ಲ ನಾ...’  ಸಮಾಧಾನ ಹೇಳಲು ಹೋದ ನನಗೆ ಯಾಕೋ ಸಿಟ್ಟು ನೆತ್ತಿಗೇರಿತು. ‘ಪ್ಯಾಸೆಂಜರ್ ಅಲ್ಲೇ ಕುಂತಾಳ್ರಿ. ಗಾಡಿ ನಡುದಾರ್ಯಾಗ ಬಿಟ್ಟು ಡ್ರೈವರ್ ಮನ್ಯಾಗ ಕುಂತ್ರ ಹ್ಯಾಂಗ್ರಿ?’ ಎಂದು ದೊಡ್ಡ ದನಿಯಲ್ಲೇ ಅಂದುಬಿಟ್ಟೆ.  ತಿರುಗಿ ಬಂದೆ.

ಮರುದಿನ ಸಂಜೆ ಸೀಟು ಮತ್ತೆ ಗುಡ್ಡದ ಕಡೆ ತಿರುಗಿತ್ತು. ಗ್ಯಾಲರಿಯ ಕಂಬಿಗೆ ಹಳೇ ಬಸ್ಸಿನ ಕಂಡಕ್ಟರ್ ಬೆಲ್ಲೊಂದು ತೂಗುತ್ತಿತ್ತು, ಹಗ್ಗದ ಸಮೇತ. ಅದನ್ನು ಎಲ್ಲಿಂದ ತಂದರೋ ದೇವರೇ ಬಲ್ಲ. ಕಾಕಾ ಹಗ್ಗದ ತುದಿಯನ್ನು ಮಗಳ ಕೈಗೆ ಕೊಟ್ಟರು. ‘ಇನ್ನ ಇದು ಎಕ್ಸ್‌ಪ್ರೆಸ್ ಅಲ್ಲ ನೋಡವಾ. ಲೋಕಲ್ ಗಾಡಿ, ಎಲ್ಲೆ ಅಂದ್ರ ಅಲ್ಲೆ ನಿಂದರ್ತದ. ಒಂದು ಸಲ ಹೊಡದ್ರ ನಿಂದ್ರಸು ಅಂತ. ಎರಡು ಹೊಡದ್ರ ಎಲ್ಲಾ ಛಲೋ ಅದ, ನಡಿ ಅಂತ. ಗಾಡಿ ನಿನ್ನ ಮಾತು ಕೇಳ್ತದ, ನನ್ನ ಮಾತಲ್ಲ.’ ಮಗಳು ಬಾಯಿ ತೆರೆದಳು. ನಾನು ಬಾಳೆಹಣ್ಣು ತಿನ್ನಿಸಿದೆ. ಬಾಗಿಲಲ್ಲಿ ನಿಂತಿದ್ದ ಗಂಡ ಒಳಗೆ ಹೋಗಿ ಸೂಜಿಯ ಡಬ್ಬಿ ತಂದು ಸೀಟಿನ ಪಕ್ಕ ಇಟ್ಟರು.

ಆಮೇಲೆ ಆ ಗಾಡಿ ನಿಂತಷ್ಟು ಜಗತ್ತಿನ ಯಾವ ಗಾಡಿಯೂ ನಿಂತಿರಲಿಕ್ಕಿಲ್ಲ. ಕಾಗೆ ಕಂಡರೆ ಬೆಲ್, ಮೂಗು ತುರಿಸಿದರೆ ಬೆಲ್, ಕೆಳಗಿನ ಮನೆಯ ಭಜಿ ವಾಸನೆಗೆ ಬೆಲ್. ಕಾಕಾ ಪ್ರತಿ ಸಲವೂ ಬ್ರೇಕ್ ಒತ್ತಿ, ಅವಳ ಕಡೆ ತಿರುಗಿ, ತುಟಿ ಕುತ್ತಿಗೆ ನೋಡಿ, ‘ಏನಾತವಾ?’ ಎಂದು ಕೇಳುತ್ತಿದ್ದರು. ಒಮ್ಮೆಯೂ ಬೇಸರಿಸಲಿಲ್ಲ. ಒಳಗೆ ಒಂದು ಬೆಲ್ ಕೇಳಿದೊಡನೆ ನನ್ನ ಕೈಯ ಲಟ್ಟಣಿಗೆ ನಿಲ್ಲುತ್ತಿತ್ತು. ಎರಡು ಕೇಳಿದ ಮೇಲೆಯೇ ಮತ್ತೆ ಹೊರಳುತ್ತಿತ್ತು. ಎಷ್ಟೋ ಸಂಜೆ ಗಾಡಿ ಸಾತಾರಾ ಮುಟ್ಟಲೇ ಇಲ್ಲ. ಪುಡಿ ಮಾತ್ರ ಮೆಲ್ಲಗೆ ಏರುತ್ತಾ ಹೋಗಿ ಚೂರಾಯಿತು, ಚೂರು ಅರ್ಧ ಗೋಡಂಬಿಯಾಯಿತು...

ಕೊನೆಯ ಪರೀಕ್ಷೆಗೆ ಇನ್ನೇನು ಕೆಲವು ದಿನ ಇದ್ದಾಗ ಡ್ರೈವರ್ ಕಾಕಾ ಹೋಗಿಬಿಟ್ಟರು. ಬೆಳಿಗ್ಗೆ ಚಹಾ ಕುಡಿದು ಪೇಪರಿಗೆಂದು ಬಂದು ಆ ಸೀಟಿನ ಮೇಲೆ ಕೂತವರು ಏಳಲಿಲ್ಲ. ನನ್ನ ಅಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಮಗಳು ಅಳಲಿಲ್ಲ. ಹಗ್ಗದ ಸಮೇತ ಆ ಬೆಲ್ ಬಿಚ್ಚಿ ಒಳಗೆ ತಂದಿಟ್ಟಳು.

ಪರೀಕ್ಷೆಯ ದಿನ ಆಸ್ಪತ್ರೆಯಲ್ಲಿ ಅವಳು ಒಂದು ಹಿಡಿ ಗೋಡಂಬಿ ತಿಂದಳು, ಸ್ವಲ್ಪ ಸ್ವಲ್ಪವೇ, ಅವರು ಹೇಳಿದ ಹಾಗೆ. ಆಮೇಲೆ ಮಂಚದ ಮೇಲೆ ನೆಟ್ಟಗೆ ಕೂತು ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು. ಏನು ಮಂತ್ರ ಹೇಳುತ್ತಿದ್ದಾಳೆ ಎಂದು ಡಾಕ್ಟರ್ ಮೇಡಂ ನನ್ನನ್ನು ಕೇಳಿದರು. ‘ಶಿರವಳಲಾ ಪೋಹೋಚಲೀ,’ ಶಿರವಳ ಮುಟ್ಟಿದ್ದಾಳೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆ ದಿನ ತುಟಿ ಊದಲಿಲ್ಲ, ಮೈ ಕೆಂಪಾಗಲಿಲ್ಲ. ಇದು ಪೂರ್ತಿ ಗುಣ ಅಲ್ಲ, ದಿನಾ ಮೂರು ಗೋಡಂಬಿ ತಿಂದು ಮೈಗೆ ನೆನಪು ಮಾಡಿಕೊಡುತ್ತಿರಬೇಕು, ಸೂಜಿ ಜತೆಗಿರಲಿ ಎಂದರು. ಆದರೂ ನಮಗೆ ಕಾತ್ರಜ ದಾಟುವ ಧೈರ್ಯ ಬರಲು ಇನ್ನೂ ಮೂರು ದೀಪಾವಳಿ ಹಿಡಿಯಿತು. ಮಗಳ ಮೈ ಬಿಟ್ಟ ಭಯ ನನ್ನ ಮೈಯಲ್ಲೇ ಉಳಿದಿತ್ತು.

ಮೊನ್ನೆಯ ಬಸ್ಸು ಅಜ್ಜಿಯ ಊರಿಗೆ. ಕಾತ್ರಜದಲ್ಲೇ ಮಗಳು ತನ್ನ ಮೂರು ಗೋಡಂಬಿ ತಿಂದು ನೀರು ಕುಡಿದಳು. ಬೋಗದೆಯಲ್ಲಿ ಕಣ್ಣು ಮುಚ್ಚಿದಳು. ನೀರಾ ಬಂದಾಗ ಕೈ ಮುಗಿದಳು. ಈಗ ಅವಳು ನನ್ನ ಭುಜಕ್ಕೆ ಬರುತ್ತಾಳೆ. ಖಂಬಾಟಕಿಯ ತಿರುವುಗಳಲ್ಲಿ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ನಾನು ಅವಳ ತುಟಿ ನೋಡುತ್ತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು ಕೂತಳು.

ಸಾತಾರಾದಲ್ಲಿ ಬಸ್ಸು ನಿಂತಿತು. ಕೆಲವರು ಇಳಿದರು, ಕೆಲವರು ಹತ್ತಿದರು. ಎರಡು ತಾಸು ಆಗಿಹೋಗಿತ್ತು. ಮಗಳು ಇಳಿಯುವವರನ್ನೇ ನೋಡುತ್ತಾ ಕೇಳಿದಳು, ‘ಮುಂದ ಯಾವ ಊರವ್ವ?’ ನನಗೆ ಆ ದಾರಿ ಗೊತ್ತು. ಮದುವೆಯಾದ ಹೊಸತರಲ್ಲಿ ಎಷ್ಟೋ ಸಲ ಓಡಾಡಿದ ದಾರಿ. ಬಾಯಿ ತೆರೆದೆ, ಹೆಸರು ಹೊರಗೆ ಬರಲಿಲ್ಲ. ಹೇಳುತ್ತೇನೆ ಎಂದು ಮಾತು ಕೊಟ್ಟವರು ಬೇರೆ ಇದ್ದರು...

ಅವಳು ಬಗ್ಗಿ ಕಾಲ ಬಳಿಯ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಒಳಗೆ ಆ ಬೆಲ್ ಇತ್ತು. ತಂದಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು, ಯಾರಿಗೂ ಕೇಳದಷ್ಟು ಮೆಲ್ಲಗೆ, ಎರಡು ಸಲ ಹೊಡೆದಳು.

ಬಸ್ಸು ಹೊರಟಿತು. ಮುಂದಿನ ಊರುಗಳ ಹೆಸರನ್ನು ನಾವು ಬೋರ್ಡುಗಳಲ್ಲಿ ಓದಿಕೊಂಡು ಹೋದೆವು.